ತೆಳು ಪಾಕೆಟ್ ಕ್ಯಾಮೆರಾ: ಸ್ಟೆಬಿಲೈಸೇಶನ್ ನಿಜಕ್ಕೂ ಕೆಲಸ ಮಾಡ್ತಿದೆಯಾ?

ಬೆಳಕಿಂಡಿ:
ಜೇಬಿಗೆ ಹಿಡಿಸುವ ಕ್ಯಾಮೆರಾ, ಝೂಮ್ 35ರಿಂದ 105 ಮಿ.ಮೀ. ಡಬ್ಬದ ಮೇಲೆ ‘ಇಮೇಜ್ ಸ್ಟೆಬಿಲೈಸೇಶನ್’ (ಕೈ ನಡುಗಿದರೂ ಫೋಟೊ ಮಸುಕಾಗದಂತೆ ತಡೆಯೋದು) ಅಂತ ದಪ್ಪಕ್ಷರದಲ್ಲಿದೆ. ಆನ್ ಮಾಡಿದರೂ ಆಫ್ ಮಾಡಿದರೂ ಫೋಟೊ ಒಂದೇ ಥರ ಬರ್ತಿದೆ. ಪರೀಕ್ಷಿಸೋದು ಹೇಗೆ?

ಅರ್ಧಸ್ಟಾಪ್:
ಬಿಸಿಲಲ್ಲಿ ತೆಗೆದಿರಬೇಕು. ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 1/500 ಸೆಕೆಂಡ್ ಇದ್ದರೆ ವ್ಯತ್ಯಾಸ ಕಾಣೋಲ್ಲ. 105ರಲ್ಲಿ ಬರಿಗೈಯಲ್ಲಿ ಹಿಡಿದು ತೆಗೆಯೋಕೆ ಸುಮಾರು 1/100 ಬೇಕು, ಅದಕ್ಕಿಂತ ನಿಧಾನವಾದಾಗಲೇ ಇದರ ಬಂಡವಾಳ ಗೊತ್ತಾಗೋದು.

ಕಿಟಕಿ ಪಕ್ಕದ ಗೋಡೆಗೆ ಸುದ್ದಿಪತ್ರಿಕೆಯ ಹಾಳೆ ಅಂಟಿಸಿ, ಎರಡು ಮೀಟರ್ ದೂರ ನಿಲ್ಲಿ. ಝೂಮ್ ಪೂರ್ತಿ, ಫ್ಲ್ಯಾಶ್ ಆಫ್, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100. ಬಟನ್ ಅರ್ಧ ಒತ್ತಿದಾಗ ಶಟರ್ 1/25ರ ಆಸುಪಾಸು ತೋರಿಸೋವರೆಗೆ ಕಿಟಕಿಯ ಪರದೆ ಎಳೆಯಿರಿ. ಆನ್ ಇಟ್ಟು ಹತ್ತು, ಆಫ್ ಇಟ್ಟು ಹತ್ತು ತೆಗೆಯಿರಿ. ಒಂದೊಂದೇ ಸಾಲದು, ಕೈ ಒಮ್ಮೊಮ್ಮೆ ಅದೃಷ್ಟಕ್ಕೆ ನಿಂತುಬಿಡುತ್ತೆ. ಕಂಪ್ಯೂಟರಿನಲ್ಲಿ 100%ಕ್ಕೆ ಹಿಗ್ಗಿಸಿ, ಸಣ್ಣಕ್ಷರ ಓದಲು ಬರೋದು ಎಷ್ಟು ಅಂತ ಎಣಿಸಿ. ಆಫ್‌ನಲ್ಲಿ ಎರಡು, ಆನ್‌ನಲ್ಲಿ ಎಂಟು ಬಂದರೆ, 1/100 ಬೇಕಿದ್ದಲ್ಲಿ 1/25 ಸಾಕಾಯಿತು, ಅಂದರೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು) ಸಿಕ್ಕಿತು ಅನ್ನಬಹುದು. ಅಕ್ಷರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅದು ಕೈ ನಡುಕ. ಸುತ್ತಲೂ ಸಮನಾಗಿ ಮಸುಕಾಗಿದ್ದರೆ ಫೋಕಸ್ ತಪ್ಪಿದೆ, ಸ್ಟೆಬಿಲೈಸೇಶನ್ನನ್ನು ಬೈಯಬೇಡಿ.

ಕಪ್ಪುಬಿಳುಪು:
ಮೊದಲು ಅದು ಲೆನ್ಸ್ ಅಥವಾ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಅಲುಗಾಡಿಸುವ ಜಾತಿಯದಾ ಅಂತ ನೋಡಿ. ಕೆಲವು ಮಾದರಿಗಳಲ್ಲಿ ಈ ಹೆಸರಲ್ಲಿ ಐಎಸ್‌ಒ ಏರಿಸಿ ಶಟರ್ ಚುರುಕು ಮಾಡ್ತಾರೆ, ಅಷ್ಟೆ. ಐಎಸ್‌ಒ ಆಟೋದಲ್ಲಿಟ್ಟು ಎರಡೂ ಬಗೆಯಲ್ಲಿ ತೆಗೆದು ಎಕ್ಸಿಫ್ (ಫೋಟೊ ಫೈಲಿನಲ್ಲೇ ಉಳಿಯುವ ಸೆಟ್ಟಿಂಗ್ ವಿವರ) ಹೋಲಿಸಿ. ಆನ್ ಮಾಡಿದ ತಕ್ಷಣ 100 ಇದ್ದದ್ದು 800 ಆದರೆ ಕಳ್ಳ ಸಿಕ್ಕಿಬಿದ್ದ. ಸಣ್ಣ ಸೆನ್ಸರಿನಲ್ಲಿ 800 ಅಂದರೆ ಕೂದಲು, ಬಟ್ಟೆಯ ನೇಯ್ಗೆ ಎಲ್ಲಾ ಕಲಸುಮೇಲೋಗರ.

ಬೆಳಕಿಂಡಿ:
ಐಎಸ್‌ಒ ಬದಲಾಗಲಿಲ್ಲ, ಎರಡರಲ್ಲೂ 200. ಮೆನುವಿನಲ್ಲಿ ‘ಸದಾ’, ‘ಕ್ಲಿಕ್ ಮಾಡುವಾಗ ಮಾತ್ರ’ ಅಂತ ಎರಡಿದೆ. ಯಾವುದು?

ಅರ್ಧಸ್ಟಾಪ್:
ಎರಡನೆಯದು. ನಡುಕ ಸರಿದೂಗಿಸಲು ಅಲುಗಾಡುವ ಲೆನ್ಸಿನ ತುಣುಕು ನಡುವಿನಿಂದಲೇ ಹೊರಡೋದರಿಂದ ಸರಿಯಲು ಜಾಗ ಹೆಚ್ಚು, ಬ್ಯಾಟರಿಯೂ ಉಳಿಯುತ್ತೆ. ‘ಸದಾ’ದಲ್ಲಿ ಪರದೆಯ ಚಿತ್ರ ನಿಂತಂತೆ ಕಾಣುತ್ತೆ, ಫ್ರೇಮ್ ಹಿಡಿಯೋಕೆ ಸುಲಭ. ಟ್ರೈಪಾಡ್ ಮೇಲೆ ಆಫ್ ಮಾಡಿ.

ಕಪ್ಪುಬಿಳುಪು:
ಒಂದು ಬಿಟ್ಟುಹೋಯ್ತು. ಝೂಮ್ ಎಳೆದಾಗ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಅಳತೆ) ಎಷ್ಟಾಗುತ್ತೆ ನೋಡಿ. ಎಫ್/2.8 ಇದ್ದದ್ದು ಎಫ್/5.6 ಆದರೆ ಬೆಳಕು ಕಾಲುಭಾಗಕ್ಕೆ ಇಳಿಯಿತು, ಗಳಿಸಿದ ಎರಡು ಸ್ಟಾಪ್ ಅಲ್ಲಿಗೇ ಖರ್ಚು. ಮಂದ ಬೆಳಕಲ್ಲಿ ಝೂಮ್ ಬಿಟ್ಟು ಎರಡು ಹೆಜ್ಜೆ ಮುಂದೆ ಹೋಗೋದೇ ಲಾಭ. ಓಡಾಡೋ ಮಗುವಿಗಂತೂ ಸ್ಟೆಬಿಲೈಸೇಶನ್ ಏನೂ ಮಾಡೋಲ್ಲ, ಅದಕ್ಕೆ ಶಟರ್ರೇ ಚುರುಕಾಗಬೇಕು.