ಘಾಟಿ ಏರುವಾಗ ಮಾತ್ರ ಎಂಜಿನ್ ಕಾಯುತ್ತಿದೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ, ಹಾಸನದಿಂದ

ನನ್ನದು 11 ವರ್ಷ ಹಳೆಯ, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರು. ಊರೊಳಗೆ ಓಡಿಸುವಾಗಲಾಗಲಿ, ಬೆಂಗಳೂರು ಹೆದ್ದಾರಿಯಲ್ಲಾಗಲಿ ಯಾವ ತಕರಾರೂ ಇಲ್ಲ. ಆದರೆ ಮಂಗಳೂರಿನಿಂದ ಮರಳುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಏರತೊಡಗಿ, ಮುಂದೆ ಲಾರಿಗಳ ಸಾಲು ಸಿಕ್ಕಿತೆಂದರೆ, ಹತ್ತೇ ನಿಮಿಷದಲ್ಲಿ ತಾಪಮಾನದ ಮುಳ್ಳು ಕೆಂಪು ಗೆರೆಯ ಹತ್ತಿರಕ್ಕೆ ಹೋಗುತ್ತದೆ. ಎ.ಸಿ. ಆರಿಸಿದರೆ ನಿಧಾನವಾಗಿ ಇಳಿಯುತ್ತದೆ. ಗ್ಯಾರೇಜಿನವರು ಮೊದಲು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಬದಲಿಸಿದರು, ಆಮೇಲೆ ರೇಡಿಯೇಟರ್ ಮುಚ್ಚಳ ಬದಲಿಸಿದರು. ಈಗ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿನ ಅನಿಲ ಮತ್ತು ನೀರು ಒಂದಕ್ಕೊಂದು ಸೇರದಂತೆ ತಡೆಯುವ ಪದರ) ಹೋಗಿರಬೇಕು, ಎಂಜಿನ್ ಬಿಚ್ಚೋಣ ಎನ್ನುತ್ತಿದ್ದಾರೆ. ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಮಾತ್ರ ಆರು ತಿಂಗಳಿನಿಂದ ಗೆರೆಯ ಮಟ್ಟದಿಂದ ಕೆಳಗಿಳಿದಿಲ್ಲ. ಬಿಚ್ಚಿಸುವ ಮುನ್ನ ಬೇರೇನಾದರೂ ನೋಡುವುದು ಉಳಿದಿದೆಯೇ?

ಉತ್ತರ, ಕಡೂರಿನಿಂದ

ಬಿಚ್ಚಲು ಒಪ್ಪಿಗೆ ಕೊಡಬೇಡಿ. ಇದೇ ಸಮಸ್ಯೆಯನ್ನು ನಾನು ಚಾರ್ಮಾಡಿಯಲ್ಲಿ ಒಂದು ವರ್ಷ ಅನುಭವಿಸಿದ್ದೇನೆ, ಮತ್ತು ಅಷ್ಟೂ ದಿನ ಯಾವ ಭಾಗ ಕೆಟ್ಟಿದೆ ಎಂದು ಕೇಳುತ್ತಿದ್ದೆನೇ ಹೊರತು ಯಾವ ಸನ್ನಿವೇಶದಲ್ಲಿ ಕಾಯುತ್ತದೆ ಎಂದು ಒಮ್ಮೆಯೂ ಯೋಚಿಸಲಿಲ್ಲ.

ನಿಂತಲ್ಲಿ ಅಥವಾ ಟ್ರಾಫಿಕ್ಕಿನಲ್ಲಿ ಕಾದು, ರಸ್ತೆ ತೆರವಾಗಿ ವೇಗ ಹಿಡಿದ ಕೂಡಲೇ ತಣಿಯುವ ಎಂಜಿನ್ನಿನಲ್ಲಿ ಮೊದಲು ಸಂಶಯಪಡಬೇಕಾದದ್ದು ಫ್ಯಾನನ್ನು, ಅದರ ರಿಲೇಯನ್ನು, ಫ್ಯೂಸನ್ನು. ಏಕೆಂದರೆ ವೇಗದಲ್ಲಿ ಫ್ಯಾನಿನ ಕೆಲಸವನ್ನು ಎದುರುಗಾಳಿಯೇ ಮಾಡುತ್ತದೆ. ಊರೊಳಗೆ ಸುಮ್ಮನಿದ್ದು ಹೆದ್ದಾರಿಯ ವೇಗದಲ್ಲಿ ಕಾಯುವುದಾದರೆ ರೇಡಿಯೇಟರಿನ ಒಳಗೆ ಹರಿವು ಸಾಲುತ್ತಿಲ್ಲವೆಂದು ಅರ್ಥ. ಘಾಟಿಯಲ್ಲಿ ಎರಡೂ ಕಷ್ಟ ಒಟ್ಟಿಗೇ ಬರುತ್ತವೆ: ಎಂಜಿನ್ ಪೂರ್ತಿ ಹೊರೆ ಎಳೆಯುತ್ತಿರುತ್ತದೆ, ಲಾರಿಯ ಹಿಂದೆ 20 ಕಿ.ಮೀ. ವೇಗದಲ್ಲಿ ಗಾಳಿ ಇರುವುದಿಲ್ಲ, ಸಾಲದ್ದಕ್ಕೆ ಎ.ಸಿ. ಕಂಡೆನ್ಸರ್ ತನ್ನ ಬಿಸಿಯನ್ನೂ ಹಿಂದಿರುವ ರೇಡಿಯೇಟರಿನ ಮೇಲೆ ಸುರಿಯುತ್ತಿರುತ್ತದೆ. ಆದ್ದರಿಂದ ನಿಮ್ಮ ಕಾರಿನಲ್ಲಿ ಯಾವುದೋ ಒಂದು ಭಾಗ ಪೂರ್ತಿ ಸತ್ತಿರುವುದಕ್ಕಿಂತ, ತಣಿಸುವ ಶಕ್ತಿ ಮುಕ್ಕಾಲಿಗೆ ಇಳಿದಿರುವ ಸಾಧ್ಯತೆಯೇ ಹೆಚ್ಚು.

ನನ್ನ ಕಾರಿನ ಕಥೆ ಹೇಳುತ್ತೇನೆ. ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಹುರುಳಿ, ರಾಗಿ ತೆನೆಯನ್ನು ರಸ್ತೆಗೆ ಹರಡಿರುತ್ತಾರೆ, ನಾವು ಅದರ ಮೇಲೆಯೇ ಓಡಿಸುತ್ತೇವೆ. ಜಾಲರಿಯ ಮುಂದೆ ಬಗ್ಗಿ ನೋಡಿದಾಗ ಕಂಡೆನ್ಸರ್ ಸ್ವಚ್ಛವಾಗಿಯೇ ಕಾಣುತ್ತಿತ್ತು. ಕೊನೆಗೆ ಒಬ್ಬ ಹಳೆಯ ಮೇಸ್ತ್ರಿ ಬಂಪರ್ ಬಿಚ್ಚಿ, ಕಂಡೆನ್ಸರನ್ನು ಪೈಪಿನ ಸಮೇತ ಎರಡು ಬೆರಳಷ್ಟು ಮುಂದಕ್ಕೆ ಬಾಗಿಸಿದಾಗ, ಅದಕ್ಕೂ ರೇಡಿಯೇಟರಿಗೂ ನಡುವೆ ಹೊಟ್ಟು, ಹುರುಳಿ ಸಿಪ್ಪೆ, ಚಿಟ್ಟೆಯ ರೆಕ್ಕೆ, ಕೆಮ್ಮಣ್ಣು ಎಲ್ಲ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿರುವುದು ಕಂಡಿತು. ಸುಲಿದರೆ ರೇಡಿಯೇಟರಿನ ಗೀರುಗಳ ಅಚ್ಚು ಮೂಡಿದ ಒಂದೇ ಹಾಳೆಯಾಗಿ ಕಿತ್ತು ಬಂತು. ಇದನ್ನು ಪತ್ತೆ ಹಚ್ಚಲು ಬಂಪರನ್ನೂ ಬಿಚ್ಚಬೇಕಿಲ್ಲ: ಕತ್ತಲಾದ ಮೇಲೆ ಎಂಜಿನ್ ಕಡೆಯಿಂದ ರೇಡಿಯೇಟರಿಗೆ ಟಾರ್ಚ್ ಹಿಡಿದು ಮುಂದಿನಿಂದ ನೋಡಿ, ಬೆಳಕು ಎಲ್ಲೆಲ್ಲಿ ತೂರಿ ಬರುವುದಿಲ್ಲವೋ ಅಲ್ಲಿ ಗಾಳಿಯೂ ತೂರುವುದಿಲ್ಲ. ತೊಳೆಯುವಾಗ ನೀರನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಬಿಡಬೇಕು. ವಾಷಿಂಗ್ ಗನ್ ಹತ್ತಿರ ಹಿಡಿದರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ, ಇದ್ದ ದಾರಿಯೂ ಮುಚ್ಚಿಹೋಗುತ್ತದೆ.

ಉತ್ತರ, ದಾವಣಗೆರೆಯಿಂದ

ವಾಹನ ದುರಸ್ತಿ ಕಲಿಸುವ ಕೆಲಸದಲ್ಲಿ 26 ವರ್ಷ ಕಳೆದವನು ನಾನು. ಹೆಡ್ ಗ್ಯಾಸ್ಕೆಟ್ ವಿಚಾರ ಮಾತ್ರ ಹೇಳುತ್ತೇನೆ. ಅದು ಹೋಗಿದೆಯೆಂದು ಊಹಿಸುವ ಅಗತ್ಯವಿಲ್ಲ, ಬಿಚ್ಚದೆಯೇ ಪರೀಕ್ಷಿಸಬಹುದು. ಬೆಳಿಗ್ಗೆ ತಣ್ಣಗಿರುವಾಗ ಎಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಹಿಚುಕಿ ನೋಡಿ: ನೀರು ಇನ್ನೂ ಬಿಸಿಯಾಗುವ ಮೊದಲೇ, ಒಂದೆರಡು ನಿಮಿಷದಲ್ಲಿ ಅದು ಕಲ್ಲಿನಂತೆ ಗಟ್ಟಿಯಾದರೆ, ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿದೆ ಎಂದರ್ಥ. ಕೂಲೆಂಟ್ ಟ್ಯಾಂಕಿನಲ್ಲಿ ನಿಲ್ಲದೆ ಏಳುವ ಗುಳ್ಳೆ, ಆಯಿಲ್ ಮುಚ್ಚಳದ ಒಳಗೆ ಹಾಲುಬಿಳುಪಿನ ಕೆನೆ, ಎಂಜಿನ್ ಕಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆ ಇವೆಲ್ಲವೂ ಸಾಕ್ಷಿಗಳೇ. ಮಳೆಗಾಲದಲ್ಲಿ ಬರೀ ಊರೊಳಗೆ ಓಡುವ ಕಾರಿನ ಆಯಿಲ್ ಮುಚ್ಚಳದಲ್ಲಿ ತೇವದಿಂದಲೇ ತುಸು ಕೆನೆ ಕಟ್ಟುವುದುಂಟು, ಅದೊಂದನ್ನೇ ನೋಡಿ ಹೆದರಬೇಡಿ. ನಿರ್ಣಯಕ್ಕೆ ನೀಲಿ ದ್ರವದ ಪರೀಕ್ಷೆಯಿದೆ: ಟ್ಯಾಂಕಿನ ಬಾಯಲ್ಲಿ ನಳಿಗೆಯಿಟ್ಟು ಒಳಗಿನ ಗಾಳಿಯನ್ನು ಆ ದ್ರವದ ಮೂಲಕ ಎಳೆದಾಗ, ಹೊಗೆಯನಿಲವಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಕೂಲೆಂಟ್ ಮಟ್ಟ ಆರು ತಿಂಗಳಿನಿಂದ ಇಳಿದೇ ಇಲ್ಲವೆಂಬ ನಿಮ್ಮ ಮಾತು ನಿಜವಾದರೆ, ಬಣ್ಣ ತಿರುಗುವ ಸಂಭವ ನನಗೆ ಕಡಿಮೆ ಕಾಣುತ್ತದೆ.

ಇನ್ನೊಂದು ಎಚ್ಚರಿಕೆ. ಮುಂದಿನ ಹೆಜ್ಜೆಯಾಗಿ ಯಾರಾದರೂ ಥರ್ಮೋಸ್ಟಾಟನ್ನೇ ತೆಗೆದುಹಾಕೋಣ, ನಮ್ಮ ದೇಶದ ಬಿಸಿಲಿಗೆ ಅದು ಬೇಡ ಎಂದರೆ ಒಪ್ಪಬೇಡಿ. ಬೈಪಾಸ್ ದಾರಿಯನ್ನೂ ಥರ್ಮೋಸ್ಟಾಟೇ ಮುಚ್ಚುವ ಎಂಜಿನ್ನುಗಳಲ್ಲಿ ಅದನ್ನು ತೆಗೆದರೆ ಒಂದು ಪಾಲು ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ, ಘಾಟಿಯಲ್ಲಿ ಕಾವು ಇನ್ನೂ ಹೆಚ್ಚುತ್ತದೆ. ಉಳಿದ ಹೊತ್ತಿನಲ್ಲಿ ಎಂಜಿನ್ ಸರಿಯಾಗಿ ಕಾಯದೆ ಪೆಟ್ರೋಲ್ ಕುಡಿಯುತ್ತದೆ. ಹಳೆಯದನ್ನು ಬಿಸಾಡಿರದಿದ್ದರೆ ನೀರಿನ ಪಾತ್ರೆಯಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟು ಕಾಯಿಸಿ ನೋಡಿ; ಅದರ ಮೇಲೆ ಕೆತ್ತಿರುವ ಅಂಕಿ, ಸಾಮಾನ್ಯವಾಗಿ 82 ಅಥವಾ 88 ಡಿಗ್ರಿ, ತಲುಪಿದಾಗ ಬಾಯಿ ಬಿಡತೊಡಗಿದರೆ ನಿಮ್ಮ ಹಣ ವ್ಯರ್ಥವಾಗಿದೆ.

ಮುಚ್ಚಳ ಬದಲಿಸಿದ್ದು ತಪ್ಪಲ್ಲ. ಸಕಲೇಶಪುರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ, ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ಅದೇ ನೀರು 120 ಡಿಗ್ರಿಯ ಆಸುಪಾಸಿನವರೆಗೂ ಕುದಿಯುವುದಿಲ್ಲ. ಅದೇ ಕಾರಣಕ್ಕೆ ಬಿಸಿ ಎಂಜಿನ್ನಿನ ಮುಚ್ಚಳವನ್ನು ಬಟ್ಟೆ ಹಿಡಿದು ಕೂಡ ತೆರೆಯಬಾರದು. ಒತ್ತಡ ಬಿಟ್ಟ ಕ್ಷಣ ಒಳಗಿದ್ದುದೆಲ್ಲ ಕುದಿದು ಮುಖಕ್ಕೆ ಹಾರುತ್ತದೆ. ನನ್ನ ಎಡಗೈಯ ಕಲೆ 1994ರದು.

ಉತ್ತರ, ಕೋಲಾರದಿಂದ

ಕಾರನ್ನು ಎರಡನೆಯ ಕೈಯಲ್ಲಿ ಕೊಂಡಿದ್ದರೆ ಹಿಂದಿನವರು ಯಾವ ನೀರು ಹಾಕುತ್ತಿದ್ದರೆಂದು ಕೇಳಿ. ನಮ್ಮ ಬೋರ್‌ವೆಲ್ ನೀರಿನಿಂದ ಪಾತ್ರೆಗೆ ಕಟ್ಟುವ ಬಿಳಿ ಪೊರೆ ರೇಡಿಯೇಟರಿನ ಕೊಳವೆಗಳಿಗೂ ಕಟ್ಟುತ್ತದೆ. ಎಂಜಿನ್ ಕಾದ ಮೇಲೆ ಆರಿಸಿ, ಕೀಲಿ ತೆಗೆದು, ರೇಡಿಯೇಟರಿನ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಆಡಿಸಿ. ಸುತ್ತಲೂ ಬಿಸಿಯಿದ್ದು ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಆ ಕೊಳವೆಗಳು ಒಳಗಿನಿಂದ ಕಟ್ಟಿವೆ. ನನ್ನದನ್ನು ಎರಡು ಸಲ ಫ್ಲಶ್ ಮಾಡಿಸಿಯೂ ಬಿಡಲಿಲ್ಲ, ಬದಲಿಸಬೇಕಾಯಿತು.

ಉತ್ತರ, ಪುತ್ತೂರಿನಿಂದ

ವಾರಕ್ಕೊಮ್ಮೆ ಅದೇ ಘಾಟಿ ಹತ್ತುವವನಾದ್ದರಿಂದ ಎರಡು ಮಾತು. ಡ್ಯಾಶ್‌ಬೋರ್ಡಿನ ಮುಳ್ಳು ಅನೇಕ ಕಾರುಗಳಲ್ಲಿ ಸುಮಾರು 75ರಿಂದ 105 ಡಿಗ್ರಿಯವರೆಗೂ ನಡುವೆಯೇ ನಿಂತಿರುವಂತೆ ಮಾಡಿರುತ್ತಾರೆ. ಅದು ಏರುವಷ್ಟರಲ್ಲಿ ತಡವಾಗಿರುತ್ತದೆ. ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಓದಲು ಇರುವ ಕಿಂಡಿ) ಸಿಕ್ಕಿಸುವ ಅಗ್ಗದ ಬ್ಲೂಟೂತ್ ಸಾಧನ ತಂದರೆ ಮೊಬೈಲಿನಲ್ಲೇ ನಿಜವಾದ ಡಿಗ್ರಿ ಕಾಣುತ್ತದೆ. ಎರಡನೆಯದು, ವಾಟರ್ ಪಂಪ್ ಬೆಲ್ಟಿನಲ್ಲಿ ತಿರುಗುವ ಕಾರುಗಳಲ್ಲಿ ಮೂರನೇ ಗೇರಿನಲ್ಲಿ ಮುಕ್ಕಿರಿಸಿ ಎಳೆಸುವುದಕ್ಕಿಂತ ಎರಡನೇ ಗೇರಿಗೆ ಇಳಿಸಿ ಸುತ್ತು ಹೆಚ್ಚಿಸಿದರೆ ಪಂಪ್ ಹೆಚ್ಚು ನೀರು ತಳ್ಳುತ್ತದೆ. ಮುಳ್ಳು ಏರುತ್ತಿರುವುದು ಕಂಡರೆ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಅದು ಎಂಜಿನ್ನಿನ ಕಾವನ್ನೇ ಎಳೆದುಕೊಳ್ಳುತ್ತದೆ; ಸೆಕೆಗೆ ಕಿಟಕಿ ತೆಗೆದುಕೊಂಡರಾಯಿತು. ಆವಿ ಕಂಡರಂತೂ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಲೇಬೇಕು.

ಪ್ರಶ್ನೆ ಕೇಳಿದವರಿಂದ, ಐದು ವಾರಗಳ ಬಳಿಕ

ಎಲ್ಲರಿಗೂ ಕೃತಜ್ಞತೆಗಳು. ನೀಲಿ ದ್ರವ ನೀಲಿಯಾಗಿಯೇ ಉಳಿಯಿತು, ಆದ್ದರಿಂದ ಎಂಜಿನ್ ಬಿಚ್ಚಿಸಲಿಲ್ಲ. ಫ್ಯಾನ್ ಎರಡೂ ವೇಗದಲ್ಲಿ ಸರಿಯಾಗಿತ್ತು. ಟಾರ್ಚ್ ಹಿಡಿದಾಗ ಕೆಳಗಿನ ಮೂರನೇ ಒಂದು ಪಾಲು ಕತ್ತಲೆ; ಹುರುಳಿ ಸಿಪ್ಪೆಯಲ್ಲ, ಬರೀ ಕೆಸರು. ತೊಳೆಯುವ ಮುನ್ನ ಘಾಟಿಯಲ್ಲಿ 111 ಡಿಗ್ರಿ ತೋರಿಸಿದ್ದ ಕಾರು, ತೊಳೆದ ಮೇಲೆ ಅದೇ ಏರಿನಲ್ಲಿ 104ಕ್ಕೆ ನಿಂತಿತು. ಇದು ಸಾಲದೆನಿಸಿ ಥರ್ಮಾಮೀಟರ್ ಆಡಿಸಿದಾಗ ಬಲಗಡೆಯ ಕೆಳ ಮೂಲೆ ತಣ್ಣಗಿತ್ತು. ಹಿಂದಿನ ಮಾಲೀಕರಿಗೆ ಕರೆ ಮಾಡಿದೆ, ಅವರ ತೋಟದ ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದರಂತೆ. ರೇಡಿಯೇಟರ್ ಬದಲಿಸಿ, ಹೊಸ ಕೂಲೆಂಟ್ ತುಂಬಿಸಿ, ಗಾಳಿ ಹೊರಹಾಕಿಸಿ ಕಳೆದ ಭಾನುವಾರ ಮಂಗಳೂರಿಗೆ ಹೋಗಿ ಬಂದೆ. ಮರಳುವಾಗ ಗುಂಡ್ಯದಿಂದ ಮಾರನಹಳ್ಳಿಯವರೆಗೆ ಟ್ಯಾಂಕರ್ ಒಂದರ ಹಿಂದೆಯೇ ಬಂದದ್ದು, ಎ.ಸಿ. ಹಾಕಿಕೊಂಡೇ, 98 ಡಿಗ್ರಿ ದಾಟಲಿಲ್ಲ.