ಪ್ರಶ್ನೋತ್ತರ: ಬೆಣ್ಣೆ ಬೆಲೆ, ಕೆನಡಾದಲ್ಲಿ ಹೀಗೆ, ನ್ಯೂಜಿಲೆಂಡಿನಲ್ಲಿ ಹಾಗೆ

ಅಡ್ಮಿನ್: ಕೃಷಿ ಅರ್ಥಶಾಸ್ತ್ರ ಪಾಠ ಮಾಡುವ ಮೇಡಂ ಇವತ್ತು ಬಿಡುವು ಮಾಡಿಕೊಂಡಿದ್ದಾರೆ. ಎರಡೂ ದೇಶದ ಹಾಲಿನ ನೀತಿ ಬಗ್ಗೆ ಮಾತ್ರ ಕೇಳಿ.

ಆಕ್ಲೆಂಡ್ ಸದಸ್ಯೆ: ಮೇಡಂ, ಅಕ್ಕ ಟೊರಾಂಟೊದಲ್ಲಿದ್ದಾಳೆ. ಕೋಟಾದಿಂದ, ಅಂದ್ರೆ ರೈತ ಇಷ್ಟೇ ಹಾಲು ಮಾರಬಹುದು ಅನ್ನೋ ಮಿತಿಯಿಂದ, ಅಲ್ಲಿ ಹಾಲು ದುಬಾರಿ ಅಂತಾಳೆ. ನಮ್ಮಲ್ಲಿ ಕೋಟಾನೂ ಇಲ್ಲ, ಸಬ್ಸಿಡಿನೂ ಇಲ್ಲ. ಆದರೂ ಬೆಣ್ಣೆ ಬೆಲೆ ಯಾಕೆ ಏರುತ್ತೆ?

ಮೇಡಂ: ಇದು ಕೇಳಲೇಬೇಕಾದ ಪ್ರಶ್ನೆ. ನ್ಯೂಜಿಲೆಂಡ್ 1984ರಿಂದ ರೈತರ ಸಬ್ಸಿಡಿ ತೆಗೆಯುತ್ತಾ ಬಂತು. ಈಗ ಅಲ್ಲಿನ ಹಾಲಿನಲ್ಲಿ ಸುಮಾರು 95% ಹೊರದೇಶಕ್ಕೆ ಹೋಗುತ್ತದೆ. ಹೊರಗಿನವರು ಜಾಸ್ತಿ ಕೊಡುವಾಗ ಕಂಪನಿ ನಿಮಗೆ ಕಡಿಮೆಗೆ ಯಾಕೆ ಮಾರುತ್ತದೆ? ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಏರಿದರೆ ನಿಮ್ಮ ಅಡುಗೆಮನೆಗೂ ಬಿಸಿ ತಟ್ಟುತ್ತದೆ. ಅದರ ಮೇಲೆ, ಅಂಗಡಿಗಳ ನಡುವೆ ಪೈಪೋಟಿ ಸಾಲದು ಅಂತ ಅಲ್ಲಿನ ವಾಣಿಜ್ಯ ಆಯೋಗವೇ 2022ರಲ್ಲಿ ಹೇಳಿದೆ.

ಕೆನಡಾದಲ್ಲಿ 1970ರ ದಶಕದಿಂದ ದೇಶಕ್ಕೆ ಬೇಕಾದಷ್ಟೇ ಹಾಲು. ಮಾರಬೇಕಾದರೆ ರೈತರಿಗೆ ಕೋಟಾ ಇರಬೇಕು. ಅವರ ಖರ್ಚು ನೋಡಿ ಬೆಲೆ ಕಟ್ಟುತ್ತಾರೆ. ಮಿತಿ ಮೀರಿ ಹೊರಗಿನ ಬೆಣ್ಣೆ ತಂದರೆ 298.5% ಸುಂಕ. 5 ಡಾಲರ್ ಬೆಣ್ಣೆಗೆ ಹತ್ತಿರ ಹತ್ತಿರ 15 ಡಾಲರ್ ಸುಂಕ ಕಟ್ಟಿ ಯಾರು ತರುತ್ತಾರೆ? ಹಾಗಾಗಿ ಬೆಲೆ ಎತ್ತರದಲ್ಲೇ ನಿಲ್ಲುತ್ತದೆ, ಏರಿಳಿತ ಕಡಿಮೆ.

ನನಗೆ ಸಂಕಟ ಆಗೋದು ಬೇರೆ ಕಾರಣಕ್ಕೆ. ರೈತರಿಗೆ ಆದಾಯ ತೆರಿಗೆ ಹಣದಿಂದ ನೆರವು ಕೊಟ್ಟರೆ ಹೆಚ್ಚು ಗಳಿಸುವವರು ಹೆಚ್ಚು ಕೊಡುತ್ತಾರೆ. ಕೆನಡಾದಲ್ಲಿ ಆ ನೆರವು ಹಾಲಿನ ಬೆಲೆಯೊಳಗೇ ಸೇರಿದೆ. ಮೂರು ಮಕ್ಕಳಿರುವ ಬಡ ಮನೆಯೂ ಸಿರಿವಂತರ ಮನೆಯೂ ಒಂದೇ ಬೆಲೆ ಕೊಡುತ್ತವೆ. ಬಡವರ ಸಂಬಳದಲ್ಲಿ ಅದು ಎಷ್ಟು ದೊಡ್ಡ ಪಾಲು ಅಂತ ಯೋಚಿಸಿ.

ಒಂಟಾರಿಯೊ ಸದಸ್ಯ: ರೈತ ಉಳಿಯೋದು ಬೇಡ್ವಾ ಮೇಡಂ? ಕೋಟಾ ಇರೋದಕ್ಕೇ ಸಣ್ಣ ರೈತರು ಇದ್ದಾರೆ.

ವೆಲಿಂಗ್ಟನ್ ಸದಸ್ಯ: ನಮ್ಮ ರೈತರು ಸಬ್ಸಿಡಿ ಇಲ್ಲದೇ ಬದುಕಿಲ್ವಾ? ನಿಮ್ಮವರಿಗೆ ಮಾತ್ರ ಯಾಕೆ ಊರುಗೋಲು?

ಒಂಟಾರಿಯೊ ಸದಸ್ಯ: ಬೆಲೆ ಬಿದ್ದ ವರ್ಷ ಹೈನುಗಾರರ ಮನೆಗೆ ಹೋಗಿ ನೋಡಿ, ಆಮೇಲೆ ಮಾತಾಡಿ.

ಮೇಡಂ: ಸ್ವಲ್ಪ ತಡೀರಿ. 1970ರ ಸುಮಾರಿಗೆ ಕೆನಡಾದಲ್ಲಿ ಲಕ್ಷಕ್ಕೂ ಹೆಚ್ಚು ಹೈನು ಫಾರ್ಮ್‌ಗಳಿದ್ದವು. ಈಗ ಹತ್ತು ಸಾವಿರವೂ ಇಲ್ಲ. ಕೋಟಾ ಇದ್ದೂ ಹೀಗಾಯಿತು. ಕೋಟಾವನ್ನು ರೈತರು ದುಡ್ಡು ಕೊಟ್ಟು ಕೊಳ್ಳಬೇಕು. ಒಂಟಾರಿಯೊದಲ್ಲಿ ದಿನಕ್ಕೆ ಒಂದು ಕಿಲೋ ಹಾಲಿನ ಕೊಬ್ಬಿನ ಕೋಟಾದ ಬೆಲೆಗೆ 24,000 ಡಾಲರ್ ಮಿತಿ ಇಟ್ಟಿದ್ದಾರೆ. ಅಂದರೆ ಹೆಚ್ಚುಕಡಿಮೆ ಒಂದು ಹಸುವಿನ ಲೆಕ್ಕ. ಹಸುವಿನ ಬೆಲೆ ಬೇರೆ. ಹೊಸ ಹುಡುಗರು ಹೇಗೆ ಹೈನುಗಾರಿಕೆ ಶುರು ಮಾಡಬೇಕು?

ಹ್ಯಾಮಿಲ್ಟನ್ ಸದಸ್ಯೆ: ಮೊಟ್ಟೆ, ಕೋಳಿಗೂ ಹೀಗೇನಾ ಮೇಡಂ?

ಕ್ರೈಸ್ಟ್‌ಚರ್ಚ್ ಸದಸ್ಯ: ಫಾರ್ವರ್ಡ್ ಬಂದಿದೆ: “ಜಿಎಸ್‌ಟಿ ತೆಗೆದರೆ ನ್ಯೂಜಿಲೆಂಡ್ ಬೆಣ್ಣೆ ಅರ್ಧ ಬೆಲೆಗೆ! ಎಲ್ಲರಿಗೂ ಕಳಿಸಿ.”

ಮೇಡಂ: ದಯವಿಟ್ಟು ಕಳಿಸಬೇಡಿ. ಜಿಎಸ್‌ಟಿ 15%. ತೆರಿಗೆ ಸೇರಿ 8 ಡಾಲರ್ ಆಗುವ ಬೆಣ್ಣೆಯಲ್ಲಿ ಅದು ಸುಮಾರು 1 ಡಾಲರ್ 4 ಸೆಂಟ್. ಪೂರ್ತಿ ತೆಗೆದರೂ ಅಷ್ಟೇ ಇಳಿಯೋದು, ಅದೂ ಅಂಗಡಿಯವರು ಬಿಟ್ಟುಕೊಟ್ಟರೆ. ಕೂಡಿ ಕಳೆದು ನೋಡದೆ ಫಾರ್ವರ್ಡ್ ಮಾಡೋದು ಬಿಡಿ.

ಕ್ಯಾಲ್ಗರಿ ಸದಸ್ಯ: ಮೇಡಂ, ಕೋಟಾದಿಂದ ಹಾಲು ದುಬಾರಿನಾ?

ಮೇಡಂ: ಹೌದು. ಮೇಲೆ ಓದಿ.

ವಿಂಡ್ಸರ್ ಸದಸ್ಯ: ಗಡಿ ದಾಟಿ ಅಮೆರಿಕದಿಂದ ಕಾರು ತುಂಬ ಚೀಸ್ ತಂದು ಗೆಳೆಯರಿಗೆ ಮಾರಿದರೆ ಹೇಗೆ?

ಮೇಡಂ: ಖಂಡಿತ ಬೇಡ. ತಲೆಗೆ 20 ಡಾಲರ್‌ವರೆಗಿನ ಹಾಲಿನ ಪದಾರ್ಥ ಮನೆ ಬಳಕೆಗೆ ತರಬಹುದು, ಮಾರೋಕಲ್ಲ. ಅದು ಮೀರಿದರೆ ಚೀಸಿಗೆ 245.5% ಸುಂಕ. ಮುಚ್ಚಿಟ್ಟರೆ ಮಾಲೂ ಹೋಗುತ್ತದೆ, ದಂಡವೂ ಬೀಳುತ್ತದೆ.

ವಿಂಡ್ಸರ್ ಸದಸ್ಯ: ಎಲ್ಲರೂ ತರ್ತಾರೆ ಬಿಡಿ.

ವೆಲಿಂಗ್ಟನ್ ಸದಸ್ಯ: ನೋಡ್ರೀ, ಕೋಟಾ ಜನರನ್ನ ಕಳ್ಳರು ಮಾಡುತ್ತೆ!

ಒಂಟಾರಿಯೊ ಸದಸ್ಯ: ಬಾಯಿ ಹಿಡಿತದಲ್ಲಿರಲಿ ಕಣ್ರೀ.

ಕ್ಯಾಲ್ಗರಿ ಸದಸ್ಯ: ಓದಿದೆ ಮೇಡಂ. ಹಾಗಾದ್ರೆ ಕೋಟಾ ತೆಗೆದ ಮರುದಿನವೇ ಬೆಲೆ ಇಳಿಯುತ್ತಾ?

ಮೇಡಂ: ಇಲ್ಲ. ಸುಂಕವೂ ಇಳಿಯಬೇಕು. ಸಾಲ ಮಾಡಿ ಕೋಟಾ ಕೊಂಡ ರೈತರಿಗೆ ಪರಿಹಾರವೂ ಸಿಗಬೇಕು. ಜಗಳ ನಿಲ್ಲದಿದ್ದರೆ ನಾನು ಇಲ್ಲಿಗೇ ನಿಲ್ಲಿಸುತ್ತೇನೆ.