ಮನೆಯಲ್ಲಿ ಎಲ್ಲ ಬರುತ್ತೆ, ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟುತ್ತೆ. ಬುಧವಾರ ಇನ್ನೊಂದಿದೆ, ಏನು ಮಾಡಲಿ?

ಖಾಲಿತಲೆ:

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಲ್ಲಿ ಐದು ಇಂಟರ್‌ವ್ಯೂ ಕೊಟ್ಟೆ. ಐದೂ ಹೋಯಿತು. ರೆಸ್ಯೂಮೆ ನೋಡಿ ಕರೆಯುತ್ತಾರೆ, ಹಾಗಾಗಿ ಅದರಲ್ಲಿ ತೊಂದರೆ ಇರಲಿಕ್ಕಿಲ್ಲ. ಎದುರು ಹೋಗಿ ಕೂತ ಮೇಲೆಯೇ ನನ್ನ ಗ್ರಹಚಾರ ಶುರು.

ತಯಾರಿ ಮಾಡಿಲ್ಲ ಅನ್ನಬೇಡಿ. ನೆಟ್‌ನಲ್ಲಿ ಸಿಕ್ಕ 50 ಪ್ರಶ್ನೆಗಳಿಗೆ ಉತ್ತರ ಬರೆದು ಬಾಯಿಪಾಠ ಮಾಡಿದ್ದೇನೆ. ನೋಟ್‌ಬುಕ್ಕೇ ತುಂಬಿದೆ. ಮೊನ್ನೆ "ನಿಮ್ಮ ಬಗ್ಗೆ ಹೇಳಿ" ಅಂದಾಗ ಶುರು ಚೆನ್ನಾಗಿಯೇ ಆಯಿತು. ಮಧ್ಯದಲ್ಲಿ ಅವರು "ಒಂದ್ನಿಮಿಷ, ಹೊಸ ಸಾಫ್ಟ್‌ವೇರ್‌ಗೆ ಲೆಕ್ಕ ಬದಲಾಯಿಸಿದೆವು ಅಂದಿರಲ್ಲ, ಅದರಲ್ಲಿ ನೀವೇನು ಮಾಡಿದಿರಿ?" ಅಂತ ಕೇಳಿಬಿಟ್ಟರು. ಅಷ್ಟೇ, ಬಾಯಿಪಾಠದ ಮುಂದಿನ ಸಾಲು ಮಾಯ. "ಅದು... ನಾವೆಲ್ಲ ಸೇರಿ ಮಾಡಿದ್ದು" ಅಂದೆ. ಅವರು ಪೆನ್ನು ಕೆಳಗಿಟ್ಟರು. ಅದು ಇನ್ನೂ ಕಣ್ಣ ಮುಂದೆ ಹಾಗೇ ಇದೆ.

ಅಕೌಂಟ್ಸ್‌ನಲ್ಲಿ ಮೂರು ವರ್ಷದ ಅನುಭವ ಇದೆ. ಆಮೇಲೆ ತಂದೆಗೆ ಹುಷಾರಿಲ್ಲ ಅಂತ ಕೆಲಸ ಬಿಟ್ಟು ಹನ್ನೊಂದು ತಿಂಗಳು ಮನೆಯಲ್ಲಿದ್ದೆ. ಆ ಗ್ಯಾಪ್ ಬಗ್ಗೆ ಕೇಳಿದಾಗಲೂ ತಡವರಿಸುತ್ತೇನೆ. ಮುಂದಿನ ಬುಧವಾರ ಇನ್ನೊಂದು ಇಂಟರ್‌ವ್ಯೂ ಇದೆ. ಇನ್ನೂ 50 ಪ್ರಶ್ನೆ ಓದಲಾ?

ಎದುರುಕುರ್ಚಿ:

ದಯವಿಟ್ಟು ಬೇಡ. ಆ ನೋಟ್‌ಬುಕ್ ಮುಚ್ಚಿಡಿ.

ಒಂಬತ್ತು ವರ್ಷದಿಂದ ನಾನು ಮೇಜಿನ ಆ ಕಡೆ ಕೂರುವವನು. ಪೆನ್ನು ಕೆಳಗಿಟ್ಟಿದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ, ಬರೆದುಕೊಳ್ಳಲು ಏನೂ ಇರಲಿಲ್ಲ. ನಮ್ಮ ಕೈಯಲ್ಲಿ ಒಂದು ಹಾಳೆ ಇರುತ್ತೆ. ಬಂದವರಿಗೆಲ್ಲ ಅವೇ ಪ್ರಶ್ನೆಗಳು, ಪ್ರತಿ ಪ್ರಶ್ನೆಯ ಎದುರು 1ರಿಂದ 5ರವರೆಗೆ ಅಂಕ, ಪಕ್ಕದಲ್ಲಿ ಆ ಅಂಕ ಯಾಕೆ ಕೊಟ್ಟೆ ಅಂತ ಬರೆಯಲು ಎರಡು ಗೆರೆ ಜಾಗ. ನೀವು "ನಾವೆಲ್ಲ ಸೇರಿ" ಅಂದರೆ ಆ ಎರಡು ಗೆರೆಯಲ್ಲಿ ನಾನು ಏನು ಬರೆಯಲಿ? ಒಳ್ಳೆಯ ಅಂಕ ಕೊಡೋಣ ಅಂತ ಮನಸ್ಸಿದ್ದರೂ ಕಾರಣ ಬೇಕಲ್ವಾ.

ಎಲ್ಲ ಕಡೆಯೂ ಹೀಗೇ ನಡೆಯುತ್ತೆ ಅಂತಲ್ಲ, ಸುಮ್ನೆ ಹರಟೆ ಹೊಡೆದು ಕಳಿಸುವವರೂ ಇದ್ದಾರೆ. ಆದರೆ ಈ ಹಾಳೆ ಸುಮ್ಮನೆ ಬಂದದ್ದಲ್ಲ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಅನ್ನುವ ಸಂಶೋಧಕರು 85 ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಯಾರು ಮುಂದೆ ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ಊಹಿಸುವುದರಲ್ಲಿ, ಬಾಯಿಗೆ ಬಂದದ್ದು ಕೇಳುವ ಇಂಟರ್‌ವ್ಯೂಗಿಂತ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಹಾಕುವುದೇ ಮೇಲು ಅಂತ ಕಂಡಿತು.

ಹಾಗಾಗಿ ನೀವು ಉತ್ತರ ಕಲಿಯಬೇಡಿ, ಘಟನೆಗಳನ್ನು ಹೊಂದಿಸಿಕೊಳ್ಳಿ. ಆರು ಸಾಕು. ಕೈ ಮೀರಿದ್ದನ್ನು ಸರಿಮಾಡಿದ್ದು, ತಪ್ಪು ಮಾಡಿ ಒಪ್ಪಿಕೊಂಡದ್ದು, ಯಾರೊಂದಿಗೋ ಜಗಳ ಆಗಿಯೂ ಕೆಲಸ ಮುಗಿಸಿದ್ದು, ಈ ತರಹದವು. ನಿಮ್ಮ ಮೇಲೆಯೇ ನಡೆದದ್ದು ಮರೆಯುವುದಿಲ್ಲ, ಮಧ್ಯೆ ಯಾರು ತಡೆದರೂ ಮತ್ತೆ ಅಲ್ಲಿಂದಲೇ ಹಿಡಿಯಬಹುದು. ಸ್ಟಾರ್ ಅಂತ ಒಂದು ಕ್ರಮ ಕೇಳಿರುತ್ತೀರಿ: ಪರಿಸ್ಥಿತಿ, ಹೊಣೆ, ನೀವು ಮಾಡಿದ್ದು, ಫಲ. ಜಾಸ್ತಿ ಜನ ಪರಿಸ್ಥಿತಿ ವಿವರಿಸುವುದರಲ್ಲೇ ಮೂರು ನಿಮಿಷ ಕಳೆದು, ತಾವು ಮಾಡಿದ್ದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಅದನ್ನು ತಿರುಗಿಸಿ. ಒಂದು ಘಟನೆ ಇಲ್ಲಿ ಬರೆಯಿರಿ, ನೋಡೋಣ.

ಖಾಲಿತಲೆ:

ದೊಡ್ಡದೇನೂ ಇಲ್ಲ. ಇದು ನಡೆಯುತ್ತಾ ನೋಡಿ.

ತಿಂಗಳ ಕೊನೆ. ಬ್ಯಾಂಕ್ ಸ್ಟೇಟ್‌ಮೆಂಟಿಗೂ ನಮ್ಮ ಲೆಡ್ಜರಿಗೂ 180 ವ್ಯತ್ಯಾಸ ಬರುತ್ತಿತ್ತು. ಇಬ್ಬರು ಎರಡು ದಿನದಿಂದ ಒಂದೊಂದೇ ಎಂಟ್ರಿ ಟಿಕ್ ಮಾಡುತ್ತಾ ಕೂತಿದ್ದರು. 180 ಒಂಬತ್ತರಿಂದ ಭಾಗ ಆಗುತ್ತೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗ ಆಗುತ್ತೆ ಅಂತ ಸೀನಿಯರ್ ಒಬ್ಬರು ಯಾವಾಗಲೋ ಹೇಳಿದ್ದರು. ಹಾಗಾದರೆ ನೂರರ ಮತ್ತು ಹತ್ತರ ಸ್ಥಾನದ ಅಂಕಿಗಳು ತಿರುಗುಮುರುಗು ಆಗಿರಬೇಕು, ಅವೆರಡರ ನಡುವೆ ಎರಡರ ಅಂತರ ಇರಬೇಕು. ಅಂಥ ಮೊತ್ತಗಳನ್ನಷ್ಟೇ ಬೇರೆ ಮಾಡಿ ನೋಡಿದೆ. 5,640 ಇರಬೇಕಾದ ಕಡೆ ಯಾರೋ 5,460 ಅಂತ ಹೊಡೆದಿದ್ದರು. ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು.

ಎದುರುಕುರ್ಚಿ:

ಇದನ್ನು ಜೇಬಿನಲ್ಲಿ ಇಟ್ಟುಕೊಂಡು ಐದು ಕಡೆ "ನಾನು ಶ್ರಮಜೀವಿ, ತಂಡದಲ್ಲಿ ಬೆರೆಯುತ್ತೇನೆ" ಅಂತ ಹೇಳಿ ಬಂದಿರಾ ಮಾರಾಯ್ರೇ!

ಒಂದೇ ಕೊರತೆ. ಸಿಕ್ಕಿದ ಮೇಲೆ ಏನಾಯಿತು? ಮತ್ತೆ ಹಾಗಾಗದಂತೆ ಏನಾದರೂ ಮಾಡಿದಿರಾ? ನಾನಾಗಿದ್ದರೆ ಮುಂದಿನ ಪ್ರಶ್ನೆ ಅದೇ ಕೇಳುತ್ತಿದ್ದೆ.

ಖಾಲಿತಲೆ:

ಮಾಡಿದ್ದೆ! ಪ್ರತಿ ದಿನದ ಎಂಟ್ರಿಗಳ ಒಟ್ಟು ಮೊತ್ತವನ್ನು ವೋಚರ್‌ಗಳ ಮೊತ್ತದ ಜೊತೆ ಅವತ್ತೇ ಸಂಜೆ ತಾಳೆ ನೋಡುವ ಒಂದು ಶೀಟ್ ಮಾಡಿದೆ. ಆಮೇಲೆ ತಿಂಗಳ ಕೊನೆಯ ಗೋಳು ಕಡಿಮೆಯಾಯಿತು. ಇದನ್ನು ಎಲ್ಲೂ ಹೇಳಿಯೇ ಇಲ್ಲ. ಚಿಕ್ಕ ವಿಷಯ ಅನ್ನಿಸಿತ್ತು.

ಮೂರನೇಸುತ್ತು:

ಎದುರುಕುರ್ಚಿಯವರ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಮೊದಲ ಎರಡು ವಾಕ್ಯ ಬಾಯಿಪಾಠ ಇರಲೇಬೇಕು. ಕೂತ ಮೊದಲ ಅರ್ಧ ನಿಮಿಷ ತಲೆ ಓಡುವುದಿಲ್ಲ, ಆಗ ಬಾಯಿ ತಾನಾಗಿ ನಡೆಯಬೇಕು. ಅಲ್ಲಿಂದ ಮುಂದೆ ಘಟನೆಗಳು ನೋಡಿಕೊಳ್ಳುತ್ತವೆ.

ಇನ್ನೊಂದು ಮಾತು, ಮನಸ್ಸಿನಲ್ಲೇ ಹೇಳಿಕೊಂಡರೆ ಅದು ತಯಾರಿ ಅಲ್ಲ. ಜೋರಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಾನು ಮೊದಲ ಸಲ ನನ್ನದನ್ನೇ ಕೇಳಿದಾಗ ಎರಡು ನಿಮಿಷದಲ್ಲಿ 14 ಸಲ "ಆಕ್ಚುಲಿ" ಅಂದಿದ್ದೆ. ಎಣಿಸಿದ್ದೇನೆ. ಅದಕ್ಕಿಂತ ಕೆಟ್ಟದ್ದು ಅಂದರೆ ಪ್ರತಿ ಉತ್ತರದ ಕೊನೆಗೂ "...ಹಾಗೆ" ಅಂತ ಎಳೆದು ಬಿಡುತ್ತಿದ್ದೆ, ಮುಗಿಯಿತೋ ಇಲ್ಲವೋ ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ನಾಲ್ಕು ದಿನ ರೆಕಾರ್ಡ್ ಮಾಡಿದ ಮೇಲೆ ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ.

ಹೆದರಿಕೆ ಬಗ್ಗೆ: "ಶಾಂತವಾಗಿರು, ಶಾಂತವಾಗಿರು" ಅಂತ ನಿಮಗೆ ನೀವೇ ಹೇಳಿಕೊಳ್ಳುತ್ತಿದ್ದರೆ ನಿಲ್ಲಿಸಿ. ಆಲಿಸನ್ ವುಡ್ ಬ್ರೂಕ್ಸ್ ಅನ್ನುವ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೋ ಗಣಿತದ ಪರೀಕ್ಷೆಗೋ ಮುಂಚೆ "ನನಗೆ ಹುರುಪಾಗಿದೆ" ಅಂದುಕೊಂಡವರು ಶಾಂತವಾಗಲು ಹೊರಟವರಿಗಿಂತ ಚೆನ್ನಾಗಿ ಮಾಡಿದರು. ಎದೆ ಹೊಡೆದುಕೊಳ್ಳುವುದು ಹೆದರಿಕೆಗೂ ಹುರುಪಿಗೂ ಒಂದೇ ತರಹ, ಹೆಸರು ಮಾತ್ರ ಬೇರೆ. ನನಗಂತೂ ಇದು ಕೆಲಸ ಮಾಡಿದೆ.

ತಲೆಕೆಟ್ಟವ:

ಇಷ್ಟೆಲ್ಲ ಮಾಡಿದರೂ ಕೆಲವು ಕಡೆ ಒಳಗಿನವರಿಗೇ ಕೆಲಸ ಅಂತ ಮೊದಲೇ ತೀರ್ಮಾನ ಆಗಿರುತ್ತೆ. ಐದೂ ನಿಮ್ಮ ತಪ್ಪೇ ಅಂದುಕೊಳ್ಳಬೇಡಿ. ನನ್ನನ್ನು ಒಂದು ಕಡೆ ಎರಡು ಗಂಟೆ ಕೂರಿಸಿ, ಆರು ನಿಮಿಷ ಮಾತಾಡಿಸಿ ಕಳಿಸಿದ್ದರು.

ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ ಅನ್ನಿ. ಎಡಿಸನ್ 1921ರ ಹೊತ್ತಿಗೆ ಕೆಲಸ ಕೇಳಿ ಬಂದವರಿಗೆ ನೂರಕ್ಕೂ ಜಾಸ್ತಿ ಪ್ರಶ್ನೆಗಳ ಪರೀಕ್ಷೆ ಕೊಡುತ್ತಿದ್ದರು. ಆ ಪರೀಕ್ಷೆಯದ್ದು ಅಂತ ಹೇಳಿ, ಶಬ್ದದ ವೇಗ ಎಷ್ಟು ಅಂತ ಐನ್‌ಸ್ಟೈನ್‌ಗೆ ಯಾರೋ ಕೇಳಿದಾಗ, ಪುಸ್ತಕದಲ್ಲಿ ಸಿಗುವುದನ್ನು ತಲೆಯಲ್ಲಿ ಹೊತ್ತುಕೊಂಡು ತಿರುಗುವುದಿಲ್ಲ ಅಂದಿದ್ದರು. ನೀವು ಐನ್‌ಸ್ಟೈನ್ ಅಲ್ಲ, ಹಾಗಾಗಿ "ಗೊತ್ತಿಲ್ಲ, ಆದರೆ ಮೊದಲು ಇಲ್ಲಿ ನೋಡುತ್ತಿದ್ದೆ" ಅಂತ ಒಂದು ಮಾತು ಜೊತೆಗೆ ಸೇರಿಸಿ.

ಹಳೇಫೈಲು:

ಗ್ಯಾಪ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮಕ್ಕಳಿಗಾಗಿ ಎರಡು ವರ್ಷ ಮನೆಯಲ್ಲಿದ್ದು ವಾಪಸ್ ಬಂದವಳು ನಾನು.

ಎರಡೇ ವಾಕ್ಯ. "ತಂದೆಯ ಆರೋಗ್ಯ ನೋಡಿಕೊಳ್ಳಲು ಹನ್ನೊಂದು ತಿಂಗಳು ಬಿಡುವು ತೆಗೆದುಕೊಂಡಿದ್ದೆ. ಈಗ ಆ ಜವಾಬ್ದಾರಿ ಮುಗಿದಿದೆ, ಪೂರ್ತಿ ಸಮಯ ಕೆಲಸಕ್ಕೆ ಸಿದ್ಧ." ನಿಮ್ಮ ವಿಷಯದಲ್ಲಿ ಅದು ನಿಜವಾಗಿದ್ದರೆ ಮಾತ್ರ ಹಾಗೆ ಹೇಳಿ. ಹೇಳಿ ಬಾಯಿ ಮುಚ್ಚಿ. ಮುಚ್ಚುವುದೇ ಕಷ್ಟ. ಎದುರಿನವರು ಮೂರು ಸೆಕೆಂಡ್ ಸುಮ್ಮನಿದ್ದರೆ ನಾವೇ ಗಾಬರಿಯಾಗಿ ಆಸ್ಪತ್ರೆಯಿಂದ ಹಿಡಿದು ಔಷಧಿಯವರೆಗೆ ಎಲ್ಲ ಹೇಳಿಬಿಡುತ್ತೇವೆ. ಅವರು ಸುಮ್ಮನಿರುವುದು ಬರೆದುಕೊಳ್ಳಲು, ನಿಮ್ಮನ್ನು ಅನುಮಾನಿಸಲು ಅಲ್ಲ. ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸುವುದಂತೂ ಬೇಡವೇ ಬೇಡ.

ಕೊನೆಗೆ "ನಿಮಗೇನಾದರೂ ಕೇಳುವುದಿದೆಯಾ?" ಅಂತಾರೆ. ಇಲ್ಲ ಅನ್ನಬೇಡಿ. ಈ ಜಾಗ ಯಾಕೆ ಖಾಲಿಯಾಯಿತು, ಮೊದಲ ಮೂರು ತಿಂಗಳಲ್ಲಿ ನನ್ನಿಂದ ಏನು ಆಗಿರಬೇಕು, ಈ ಎರಡು ಕೇಳಿ. ಮೊದಲನೆಯದಕ್ಕೆ ಅವರು ತಡವರಿಸಿದರೆ ನೀವೂ ಎರಡು ಸಲ ಯೋಚಿಸಿ.

ಖಾಲಿತಲೆ:

ಬುಧವಾರದ್ದು ಮುಗಿಯಿತು. ಮೊದಲ ವಾಕ್ಯ ಬಾಯಿಪಾಠದ್ದೇ, ಆಮೇಲೆ ಸ್ವಲ್ಪ ತೊದಲಿದೆ. ಆದರೆ 5,640ರ ಕಥೆ ಹೇಳುವಾಗ ಅವರಲ್ಲಿ ಒಬ್ಬರು ನಕ್ಕರು, "ಒಂಬತ್ತರ ಲೆಕ್ಕ ನನಗೂ ಗೊತ್ತು" ಅಂದರು. ಅಲ್ಲಿಂದ ಹತ್ತು ನಿಮಿಷ ಅದೇ ಮಾತು. ಗ್ಯಾಪ್ ಬಗ್ಗೆ ಎರಡು ವಾಕ್ಯ ಹೇಳಬೇಕಿತ್ತು, ನಾಲ್ಕಾಯಿತು. ಜಾಗ ಯಾಕೆ ಖಾಲಿಯಾಯಿತು ಅಂತ ಕೇಳಿದೆ. ಹಿಂದಿನವರು ಬೇರೆ ವಿಭಾಗಕ್ಕೆ ಹೋದರಂತೆ, ಅದೇ ಫ್ಲೋರಿನಲ್ಲಿ ಇದ್ದಾರಂತೆ.

ಎರಡನೇ ಸುತ್ತಿಗೆ ಕರೆದಿದ್ದಾರೆ. ಸೋಮವಾರ ಎಕ್ಸೆಲ್ ಪರೀಕ್ಷೆ, 45 ನಿಮಿಷ. ಏನು ಕೊಡುತ್ತಾರೆ?

ಎದುರುಕುರ್ಚಿ:

ಬಹುಶಃ ಕೊಳಕಾದ ಒಂದು ಶೀಟ್ ಕೊಟ್ಟು ಸರಿಮಾಡಿ ಅಂತಾರೆ. ಪಿವಟ್ ಟೇಬಲ್ (ಉದ್ದ ಪಟ್ಟಿಯನ್ನು ಗುಂಪು ಮಾಡಿ ಒಟ್ಟು ತೋರಿಸುವುದು), ಸಮ್‌ಇಫ್ಸ್ (ಷರತ್ತಿಗೆ ಹೊಂದುವುದನ್ನಷ್ಟೇ ಕೂಡಿಸುವುದು), ವಿಲುಕಪ್ (ಒಂದು ಕಾಲಮ್ಮಿನಲ್ಲಿ ಹುಡುಕಿ ಅದೇ ಸಾಲಿನ ಬೇರೆ ಮಾಹಿತಿ ತರುವುದು) ಕೈಗೆ ಕೂರಿಸಿಕೊಳ್ಳಿ. ವಿಲುಕಪ್ ಹುಡುಕುವ ಕಾಲಮ್ಮಿನ ಎಡಗಡೆ ಇರುವುದನ್ನು ತಂದುಕೊಡುವುದಿಲ್ಲ, ಎಷ್ಟೋ ಜನ ಅಲ್ಲೇ ಸಿಕ್ಕಿಬೀಳುತ್ತಾರೆ, ಎಡಗಡೆಯದನ್ನೂ ತರುವ ಇಂಡೆಕ್ಸ್ ಮ್ಯಾಚ್ ಕೂಡ ನೋಡಿಕೊಳ್ಳಿ. ಸಂಖ್ಯೆಯಂತೆ ಕಂಡರೂ ಟೆಕ್ಸ್ಟ್ ಆಗಿ ಕೂತಿರುವ ಸೆಲ್‌ಗಳು ಇದ್ದೇ ಇರುತ್ತವೆ, ಕೂಡಿಸುವ ಮುಂಚೆ ಅದನ್ನು ಚೆಕ್ ಮಾಡಿ. ಮೂಲ ಶೀಟ್ ಮುಟ್ಟಬೇಡಿ, ಒಂದು ಕಾಪಿ ಮಾಡಿಕೊಂಡು ಅದರಲ್ಲಿ ಕೆಲಸ ಮಾಡಿ.